ಫ್ಲ್ಯಾಗ್ ವ್ಯಾಜ್ಯಗಳ ಇತ್ಯರ್ಥ: ಒಂದು ಅಧಿಕೃತ ಕೈಪಿಡಿ

ಮೊದಲಿಗೆ ಸಂಪಾದಕರಲ್ಲಿ ಕ್ಷಮೆ. ಈ ಲೇಖನವನ್ನು ಗೆರೆ ಹಾಳೆಯಲ್ಲಿ ನೀಲಿ ಬಾಲ್‌ಪೆನ್ನಿನಿಂದ ಬರೆದು ಅಂಚೆಗೆ ಹಾಕಿದ್ದೇನೆ. ನನ್ನಲ್ಲಿ ಕಂಪ್ಯೂಟರ್ ಇಲ್ಲವೆಂದಲ್ಲ. ಇದೆ, ಚೆನ್ನಾಗಿಯೇ ಇದೆ. ಸದ್ಯಕ್ಕೆ ಅದು ಬೇರೆ ಕೆಲಸದಲ್ಲಿದೆ. 211 ಪ್ಯಾಕೇಜುಗಳ ಪೈಕಿ 187ನೆಯದನ್ನು ಕಂಪೈಲ್ ಮಾಡುತ್ತಿದೆ.

ಜೆಂಟೂ ಲಿನಕ್ಸ್‌ನಲ್ಲಿ ನನಗೆ 19 ವರ್ಷಗಳ ಅನುಭವ. ಇಷ್ಟು ವರ್ಷ ಆ ಯಂತ್ರದಲ್ಲಿ ಏನು ಮಾಡಿದಿರಿ ಎಂದು ಬಂಧುಗಳು ಆಗಾಗ ಕೇಳುತ್ತಾರೆ. ಅಪ್‌ಡೇಟ್ ಮಾಡಿದ್ದೇನೆ. ಇನ್ನೂ ಏನಾದರೂ ಮಾಡಬಹುದಿತ್ತು ಎಂಬ ಧ್ವನಿ ಆ ಪ್ರಶ್ನೆಯಲ್ಲಿರುವುದು ನನಗೆ ತಿಳಿಯದ್ದೇನಲ್ಲ. ಆದರೆ ದೇವಸ್ಥಾನ ಕಟ್ಟುವವನನ್ನು ಪೂಜೆ ಯಾವಾಗ ಮಾಡುತ್ತೀಯಾ ಎಂದು ಕೇಳಬಾರದು.

ನಮ್ಮ ತಂದೆ ಸಬ್‌ರಿಜಿಸ್ಟ್ರಾರ್ ಕಚೇರಿ ಎದುರು ಕೂತು ಪತ್ರ ಬರೆಯುತ್ತಿದ್ದವರು. ಅಣ್ಣತಮ್ಮಂದಿರ ಹಿಸ್ಸೆಯಲ್ಲಿ ಬಾವಿ ಯಾರಿಗೆ, ಗಾಡಿದಾರಿ ಯಾರಿಗೆ, ಬದುವಿನ ಮೇಲಿನ ಹಲಸಿನ ಮರ ಯಾರಿಗೆ ಎಂಬುದನ್ನೆಲ್ಲ ಎರಡೂ ಕಡೆಯವರು ಸಮನಾಗಿ ಅತೃಪ್ತರಾಗುವಂತೆ ಬರೆದುಕೊಡುವುದರಲ್ಲಿ ಅವರದು ಎತ್ತಿದ ಕೈ. ಆ ವಿದ್ಯೆ ನನಗೆ ಬಂದಿದೆ. ವ್ಯಾಜ್ಯ ಮಾತ್ರ ಜಮೀನಿನದಲ್ಲ, ಯೂಸ್ ಫ್ಲ್ಯಾಗಿನದು.

ವಿಷಯ ಗೊತ್ತಿಲ್ಲದವರಿಗಾಗಿ ಸ್ವಲ್ಪ ಹಿನ್ನೆಲೆ. ಉಳಿದ ಬಹುತೇಕ ಲಿನಕ್ಸ್‌ಗಳಲ್ಲಿ ತಂತ್ರಾಂಶ ಸಿದ್ಧವಾಗಿ ಬರುತ್ತದೆ. ಪ್ಯಾಕೆಟ್ ಒಡೆದು ನೀರಿಗೆ ಹಾಕಿದರೆ ಆಯಿತು, ಗೊಜ್ಜವಲಕ್ಕಿ ಮಿಕ್ಸ್ ಇದ್ದ ಹಾಗೆ. ಜೆಂಟೂದಲ್ಲಿ ಮೂಲಸಂಹಿತೆ ತರಿಸಿ ನಮ್ಮ ಮನೆಯಲ್ಲೇ ಕಂಪೈಲ್ ಮಾಡಿಕೊಳ್ಳಬೇಕು. ಭತ್ತ ತಂದು, ಕುಟ್ಟಿ, ಕೇರಿ, ಅವಲಕ್ಕಿ ಮಾಡಿ, ಆಮೇಲೆ ಹಸಿವು ಇನ್ನೂ ಇದೆಯೇ ಎಂದು ನೋಡುವ ಪದ್ಧತಿ. ಹೀಗೆ ಮಾಡುವಾಗ ಯಾವ ಪ್ಯಾಕೇಜಿಗೆ ಏನು ಬೇಕು, ಏನು ಬೇಡ ಎಂದು ಮೊದಲೇ ಹೇಳಬಹುದು. ಆ ಬೇಕುಬೇಡಗಳೇ ಯೂಸ್ ಫ್ಲ್ಯಾಗುಗಳು. ಬ್ಲೂಟೂತ್ ಬೇಡವೇ? ಹೆಸರಿನ ಮೊದಲಿಗೆ ಒಂದು ಮೈನಸ್ ಹಾಕಿ. ಗ್ನೋಮ್ ಬೇಡವೇ? ಇನ್ನೊಂದು ಮೈನಸ್. ಮೈನಸ್ ಹಾಕುವುದರಲ್ಲಿ ಒಂದು ಸುಖವಿದೆ. ಅದು ಮೆಂತ್ಯಸೊಪ್ಪು ಬಿಡಿಸುವವರಿಗೆ ಅರ್ಥವಾದೀತು.

ಜೆಂಟೂವನ್ನು ಹುಟ್ಟುಹಾಕಿದವರು ಡೇನಿಯಲ್ ರಾಬಿನ್ಸ್. ಮೊದಲು ಎನಾಕ್ ಎಂಬ ಹೆಸರಿತ್ತು. ಜೆಂಟೂ ಎಂಬ ಹೆಸರಿನಲ್ಲಿ 1.0 ಆವೃತ್ತಿ ಬಂದದ್ದು 2002ರ ಮಾರ್ಚ್ 31ರಂದು, ಅಂದರೆ ಏಪ್ರಿಲ್ ಒಂದಕ್ಕೆ ಒಂದು ದಿನ ಮುಂಚೆ. ಜೆಂಟೂ ಎನ್ನುವುದು ಪೆಂಗ್ವಿನ್‌ಗಳ ಒಂದು ಜಾತಿ. ನೀರಿನೊಳಗೆ ಗಂಟೆಗೆ ಸುಮಾರು 36 ಕಿಲೋಮೀಟರ್ ವೇಗದಲ್ಲಿ ಈಜುವ ಅದು ಪೆಂಗ್ವಿನ್‌ಗಳಲ್ಲೇ ಅತಿ ವೇಗದ್ದು. ಈ ಹೋಲಿಕೆಯಲ್ಲಿ ಮುಳುಗಿರುವ ಭಾಗವನ್ನು ನಾನು ಖುದ್ದು ದೃಢೀಕರಿಸಬಲ್ಲೆ. ರಾಬಿನ್ಸ್ 2004ರಲ್ಲಿ ಯೋಜನೆಯಿಂದ ಹೊರಬಂದು 2005ರಲ್ಲಿ ಕೆಲಕಾಲ ಮೈಕ್ರೋಸಾಫ್ಟ್‌ನಲ್ಲಿ ಕೆಲಸ ಮಾಡಿದರು. ಸನ್ಯಾಸಿಗಳ ಪೂರ್ವಾಶ್ರಮವನ್ನಾಗಲಿ ಉತ್ತರಾಶ್ರಮವನ್ನಾಗಲಿ ಕೆದಕುವುದು ಶಿಷ್ಟಾಚಾರವಲ್ಲ.

ಈಗ ಪ್ರಕರಣಕ್ಕೆ ಬರೋಣ. ನನ್ನ ನಾದಿನಿಗೆ ಒಂಬತ್ತನೇ ತಿಂಗಳ ಸೀಮಂತ ನಿಶ್ಚಯವಾಯಿತು. ಮನೆಯವರು ಆಹ್ವಾನಪತ್ರಿಕೆಯನ್ನು ಲಿಬ್ರೆಆಫೀಸ್‌ನಲ್ಲಿ ಸೊಗಸಾಗಿ ಟೈಪ್ ಮಾಡಿ, ಅಡುಗೆಮನೆಯಿಂದಲೇ ಕೂಗಿ ಹೇಳಿದರು: "ರೀ, ಇಪ್ಪತ್ತೈದು ಪ್ರಿಂಟ್ ಆಗ್ಬೇಕು, ಸ್ವಲ್ಪ ನೋಡಿ." ಇನ್ನೂ ಏನೋ ಹೇಳಿದರು. ಕುಕ್ಕರ್ ಕೂಗಿತು. ನನಗೆ ಬೇಕಾದಷ್ಟು ಕೇಳಿಸಿತ್ತು.

ಪ್ರಿಂಟ್ ಎಂದರೆ ಕಪ್ಸ್. ಲಿನಕ್ಸ್‌ನಲ್ಲಿ ಮುದ್ರಣದ ವ್ಯವಸ್ಥೆಗೆ ಅದೇ ಹೆಸರು. ಫ್ಲ್ಯಾಗುಗಳನ್ನು ಬರೆದಿಡುವ ನನ್ನ ಮೇಕ್ ಕಾನ್ಫ್ ಕಡತದಲ್ಲಿ ಮೈನಸ್ ಕಪ್ಸ್ ಎಂದು ಬರೆದಿತ್ತು. ಹಳೆಯ ಪ್ರಿಂಟರನ್ನು 2011ರಲ್ಲಿ ಗುಜರಿಗೆ ಹಾಕಿದ ದಿನ ಸಂಜೆಯೇ ಹಾಗೆ ಬರೆದೆ. ಅದರಿಂದ ಡಿಸ್ಕ್‌ನಲ್ಲಿ ಒಂದು ಫೋಟೋ ಹಿಡಿಸುವಷ್ಟು ಜಾಗ ಉಳಿಯಿತು. ಆ ಜಾಗವನ್ನು ಇವತ್ತಿಗೂ ಖಾಲಿ ಇಟ್ಟಿದ್ದೇನೆ.

ಮೈನಸ್ ತೆಗೆದೆ. ಫ್ಲ್ಯಾಗ್ ಬದಲಾದರೆ ಅದನ್ನು ಬಳಸುವ ಎಲ್ಲ ಪ್ಯಾಕೇಜನ್ನೂ ಮತ್ತೆ ಕಂಪೈಲ್ ಮಾಡಬೇಕು. ಜಿಟಿಕೆ, ಕ್ಯೂಟಿ, ಲಿಬ್ರೆಆಫೀಸ್, ಕ್ರೋಮಿಯಂ ಎಲ್ಲಕ್ಕೂ ಕಪ್ಸ್ ಬೇಕುಬೇಡ ಇದೆ. ಪೋರ್ಟೇಜ್ ಎಂಬ ವ್ಯವಸ್ಥಾಪಕ ಲೆಕ್ಕ ಹಾಕಿ ಪಟ್ಟಿ ಕೊಟ್ಟಿತು. ಪಟ್ಟಿಯಲ್ಲಿ ಕೆಂಪಗಿದ್ದರೆ ಫ್ಲ್ಯಾಗ್ ಇದೆ ಎಂದರ್ಥ, ನೀಲಿಯಾಗಿದ್ದರೆ ಇಲ್ಲ, ಹಸಿರಾಗಿ ಪಕ್ಕದಲ್ಲಿ ನಕ್ಷತ್ರವಿದ್ದರೆ ಈಗಷ್ಟೇ ಬದಲಾಗಿದೆ. ಟ್ರಾಫಿಕ್ ಸಿಗ್ನಲ್‌ನಲ್ಲಿ ಕಲಿತದ್ದನ್ನು ಇಲ್ಲಿ ಮರೆಯಬೇಕು. ಹಸಿರು ಕಂಡಲ್ಲಿ ನಿಲ್ಲುವುದು ಒಳ್ಳೆಯದು.

ಸಾಮಾನ್ಯ ತಕರಾರುಗಳು ಸುಲಭ. ಕ್ಯೂಟಿ ವೆಬ್‌ಎಂಜಿನ್ ಬಂದು, ಲಿಬ್‌ಎಕ್ಸ್‌ಎಂಎಲ್‌ನಲ್ಲಿ ಐಸಿಯು ಫ್ಲ್ಯಾಗ್ ಹಾಕದಿದ್ದರೆ ತಾನು ಬರುವುದಿಲ್ಲ ಎನ್ನುತ್ತದೆ. ಬೀಗರ ಕಡೆಯವರು ಬಿಸಿನೀರು ಕೇಳಿದ ಹಾಗೆ. ಕೊಟ್ಟರೆ ಮುಗಿಯಿತು. ಪೋರ್ಟೇಜೇ ಆ ಸಾಲನ್ನು ಬರೆದುಕೊಂಡು ಬಂದು ಸಹಿ ಮಾಡಿ ಎಂದು ಮುಂದೆ ಹಿಡಿಯುತ್ತದೆ. ಡಿಸ್ಪ್ಯಾಚ್ ಕಾನ್ಫ್ ಎಂಬ ಆದೇಶ ಕೊಟ್ಟು 'ಯು' ಕೀಲಿ ಒತ್ತಿದರೆ ಮಂಜೂರು. ಓದಿ ಒತ್ತಬೇಕು ಎಂದು ಕೈಪಿಡಿಗಳು ಹೇಳುತ್ತವೆ. ನಮ್ಮ ತಂದೆ ಬರೆದ ಪತ್ರಗಳಿಗೆ ಹೆಬ್ಬೆಟ್ಟು ಒತ್ತಿದವರೂ ಓದಿರಲಿಲ್ಲ.

ಹೀಗೆ ಒತ್ತಿ ಒತ್ತಿ ನನ್ನ ಪ್ಯಾಕೇಜ್ ಯೂಸ್ ಕಡತ 640 ಸಾಲುಗಳಿಗೆ ಬೆಳೆದಿದೆ. ಪ್ರತಿ ಸಾಲಿನ ಮೇಲೂ ಇದು ಇಂಥವರು ಕೇಳಿದ್ದಕ್ಕೆ ಎಂಬ ಷರಾ ಇರುತ್ತದೆ. ಕೇಳಿದ ಪ್ಯಾಕೇಜು ಎಂದೋ ಮನೆಬಿಟ್ಟು ಹೋಗಿದೆ, ಕೆಲವಂತೂ ಲೋಕವನ್ನೇ ಬಿಟ್ಟಿವೆ. ಸಾಲು ಮಾತ್ರ ಅವುಗಳ ಹೆಸರಿನಲ್ಲೇ ನಿಂತಿದೆ. ಮುತ್ತಾತನ ಹೆಸರಲ್ಲೇ ಪಹಣಿ ಬರುವ, ಪೌತಿ ಖಾತೆ ಮಾಡಿಸದ ಗದ್ದೆಯ ಹಾಗೆ. ಒಮ್ಮೆ ಧೈರ್ಯ ಮಾಡಿ ಹಳೆಯದೊಂದು ಸಾಲನ್ನು ಅಳಿಸಿದೆ. ಶಬ್ದ ಹೋಯಿತು. ಆ ಸಾಲು ಶಬ್ದಕ್ಕೆ ಸಂಬಂಧಿಸಿದ್ದೇ ಅಲ್ಲ. ಅಂದಿನಿಂದ ಪೂರ್ವಜರನ್ನು ಮುಟ್ಟುವುದಿಲ್ಲ.

ಎರಡನೇ ಬಗೆಯ ವ್ಯಾಜ್ಯದಲ್ಲಿ ಪ್ಯಾಕೇಜಿನೊಳಗೇ ಷರತ್ತು ಇರುತ್ತದೆ. ಅದನ್ನು ಚಿಹ್ನೆಗಳಲ್ಲಿ ಬರೆದಿರುತ್ತಾರೆ. '^^' ಎಂದರೆ ಕೊಟ್ಟ ಪಟ್ಟಿಯಲ್ಲಿ ಸರಿಯಾಗಿ ಒಂದನ್ನೇ ಆರಿಸಬೇಕು. '??' ಎಂದರೆ ಹೆಚ್ಚೆಂದರೆ ಒಂದು. '||' ಎಂದರೆ ಕನಿಷ್ಠ ಒಂದು. ಹೊಸಬರು ಇದನ್ನು ಗೊಂದಲ ಮಾಡಿಕೊಳ್ಳುತ್ತಾರೆ. ನಾನು ಹೀಗೆ ಕಲಿಸುತ್ತೇನೆ: 1955ರ ಹಿಂದೂ ವಿವಾಹ ಕಾಯ್ದೆ '??' ಬಗೆಯದು. ಏಕಕಾಲಕ್ಕೆ ಒಂದಕ್ಕಿಂತ ಹೆಚ್ಚು ಸಲ್ಲದು, ಒಂದೂ ಆಗದಿದ್ದರೆ ಕಾಯ್ದೆಗೆ ಚಿಂತೆಯಿಲ್ಲ. ನಮ್ಮ ಅಜ್ಜಿ '^^' ಬಗೆಯವರು. ದಶರಥ ಮಹಾರಾಜ '||'.

ಸಿಸ್ಟಂಡಿ ಮತ್ತು ಎಲಾಗಿನ್‌ಡಿ ಎಂಬ ಇಬ್ಬರು ಈ ಷರತ್ತಿನ ಕಾಯಂ ಕಕ್ಷಿದಾರರು. ಒಬ್ಬರಿದ್ದ ಕಡೆ ಇನ್ನೊಬ್ಬರು ಇರಕೂಡದು. ಹಾಗೆಂದು ಹುಟ್ಟಾ ವೈರಿಗಳಲ್ಲ. ಸಿಸ್ಟಂಡಿಯ ಹೊಟ್ಟೆಯೊಳಗಿದ್ದ ಲಾಗಿನ್‌ಡಿ ಎಂಬ ಭಾಗವನ್ನು ಹೊರತೆಗೆದು, ಸಿಸ್ಟಂಡಿ ಬೇಡದವರಿಗೆಂದು ಬೇರೆ ನಿಲ್ಲಿಸಿದ್ದೇ ಎಲಾಗಿನ್‌ಡಿ. ಒಂದೇ ರಕ್ತ, ಆದರೆ ಒಂದು ಪಂಕ್ತಿಯಲ್ಲಿ ಕೂರುವುದಿಲ್ಲ. ಇಂಥವನ್ನು ನಮ್ಮ ಕಡೆ ವಿವರಿಸುವ ಅಗತ್ಯವೇ ಬೀಳುವುದಿಲ್ಲ.

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ವ್ಯಾಜ್ಯದ ಬಗ್ಗೆ ಹೆಚ್ಚು ಹೇಳಲಾರೆ. 2024ರಲ್ಲಿ ಅದರ 3.11 ಆವೃತ್ತಿಯಿಂದ 3.12ಕ್ಕೆ ಎಲ್ಲರೂ ಒಟ್ಟಿಗೆ ಹೋಗಬೇಕಾಯಿತು. ಕೆಲವರು ಹೋದರು, ಕೆಲವರು ಹೋಗಲಿಲ್ಲ. ಇದರ ತೀರ್ಪು ಕೊಡಬೇಕಾದ ಪೋರ್ಟೇಜನ್ನು ಬರೆದಿರುವುದೇ ಪೈಥಾನ್‌ನಲ್ಲಿ. ನ್ಯಾಯಾಧೀಶರು ಕೂತ ಕುರ್ಚಿಯನ್ನೇ ಜಪ್ತಿ ಮಾಡಬೇಕೋ ಬೇಡವೋ ಎಂದು ನ್ಯಾಯಾಧೀಶರನ್ನೇ ಕೇಳಿದಂತೆ.

ಇಷ್ಟರಲ್ಲಿ ನನ್ನ ಕಪ್ಸ್ ಪ್ರಕರಣ ಹತ್ತು ದಿನ ನಡೆದಿತ್ತು. ಭಾವಮೈದುನನ ಮಗ ಬಂದ. ಕಾಲೇಜು ಹುಡುಗ, ರೆಡಿಮೇಡ್ ಲಿನಕ್ಸ್‌ನವನು. "ಮಾವ, ಇದು ಬರೀ ಎರಡು ಪುಟ ಅಲ್ವಾ? ನನ್ ಲ್ಯಾಪ್‌ಟಾಪಲ್ಲಿ ಮಾಡ್ಲಾ?" ಅಂದ.

"ಬೇಡಪ್ಪ. ಇದು ಪುಟದ ಪ್ರಶ್ನೆ ಅಲ್ಲ."

"ಲಿಬ್ರೆಆಫೀಸ್‌ದು ಬಿನ್ ಪ್ಯಾಕೇಜು ಇರತ್ತಲ್ಲ ಮಾವ. ಕಂಪೈಲೇ ಮಾಡ್ಬೇಕಿಲ್ಲ."

ಹುಡುಗನಿಗೆ ಓದಿದ್ದು ತಲೆಗೆ ಹತ್ತಿದೆ. ಅದು ನಿಜವೇ. ಅಷ್ಟೇ ಅಲ್ಲ, 2023ರ ಡಿಸೆಂಬರ್‌ನಲ್ಲಿ ಜೆಂಟೂದವರೇ ಸಾವಿರಾರು ಪ್ಯಾಕೇಜುಗಳನ್ನು ಸಿದ್ಧರೂಪದಲ್ಲಿ ಕೊಡಲು ಆರಂಭಿಸಿದ್ದಾರೆ. ಒಂದೇ ಷರತ್ತು: ನಮ್ಮ ಫ್ಲ್ಯಾಗುಗಳು ಅವರು ಕಟ್ಟಿದಾಗಿನ ಫ್ಲ್ಯಾಗುಗಳಿಗೆ ತಾಳೆಯಾಗಬೇಕು. ಜಗತ್ತಿನ ಯಾರೊಬ್ಬರ ಫ್ಲ್ಯಾಗುಗಳಿಗೂ ತಾಳೆಯಾಗದಂತೆ ನನ್ನವನ್ನು 19 ವರ್ಷ ಕಾಪಾಡಿಕೊಂಡು ಬಂದಿದ್ದೇನೆ. ಇದನ್ನು ಹೇಳಿದಾಗ ಹುಡುಗ ಕಾಫಿ ಲೋಟ ಕೆಳಗಿಟ್ಟು ಅತ್ತೆಯ ಮುಖ ನೋಡಿದ. ಅತ್ತೆ ಕಿಟಕಿ ನೋಡಿದರು.

ಆ ರಾತ್ರಿಯೇ ಒಂದು ತೀರ್ಮಾನಕ್ಕೆ ಬಂದೆ. ಹಳೇ ಗೋಡೆಗೆ ಹೊಸ ಗಾರೆ ಹಿಡಿಯುವುದಿಲ್ಲ, ಪಾಯದಿಂದಲೇ ಕಟ್ಟಬೇಕು. ಡಿಸ್ಕ್ ಅಳಿಸಿದೆ. ಸ್ಟೇಜ್ 3 ಎಂಬ ಮೂಲ ಗಂಟನ್ನು ಇಳಿಸಿಕೊಂಡೆ. ಮನೆಯವರ ಆಹ್ವಾನಪತ್ರಿಕೆ, 640 ಸಾಲಿನ ಕಡತ ಮತ್ತು ಅದರ ಜೊತೆಯ ಹಳೆಯ ಆಯ್ಕೆಪಟ್ಟಿಗಳನ್ನು ಮಾತ್ರ ಪಿತ್ರಾರ್ಜಿತವಾಗಿ ತಂದು ಹೊಸ ಮನೆಯಲ್ಲಿಟ್ಟೆ. ಆಗ ಎದುರಾಯಿತು ನೋಡಿ, ಈ ಶಾಸ್ತ್ರದ ಅತ್ಯುನ್ನತ ವ್ಯಾಜ್ಯ: ಫ್ರೀಟೈಪ್ ಮತ್ತು ಹಾರ್ಫ್‌ಬಝ್.

ಫ್ರೀಟೈಪ್‌ನ ಕೆಲಸ ಫಾಂಟ್ ಕಡತದಿಂದ ಅಕ್ಷರದ ಆಕಾರ ತೆಗೆದು ತೆರೆಯ ಮೇಲೆ ಮೂಡಿಸುವುದು. ಹಾರ್ಫ್‌ಬಝ್‌ನದು ಯಾವ ಅಕ್ಷರದ ಪಕ್ಕ ಯಾವುದು ಬಂದರೆ ಯಾವ ಆಕಾರವಾಗಬೇಕು ಎಂದು ನಿರ್ಧರಿಸುವುದು. ಇಂಗ್ಲಿಷಿನವರಿಗೆ ಇದು ಅಲಂಕಾರ. ನಮಗೆ ಇದಿಲ್ಲದಿದ್ದರೆ ಒತ್ತಕ್ಷರವೇ ಇಲ್ಲ. 'ಪತ್ರಿಕೆ' ಎಂಬುದು 'ಪತ್‌ರಿಕೆ' ಆಗಿ ಕೂರುತ್ತದೆ. ನನ್ನ ಹಳೆಯ ಟರ್ಮಿನಲ್‌ನಲ್ಲಿ ಮನೆಯವರ ಕಡತದ ಹೆಸರು ಹಾಗೆಯೇ ಕಾಣುತ್ತಿತ್ತು, ಒತ್ತು ಕೆಳಗಿಳಿಯದೆ, ಬಸ್ಸಿನಲ್ಲಿ ಸೀಟು ಸಿಗದವನ ಹಾಗೆ ಪಕ್ಕದಲ್ಲೇ ನಿಂತು. ಹಾರ್ಫ್‌ಬಝ್ ಎಂಬುದು ಪರ್ಷಿಯನ್ ಮಾತು. 'ಓಪನ್‌ಟೈಪ್' ಎಂಬ ಫಾಂಟ್ ಮಾದರಿಯ ಹೆಸರನ್ನೇ ಆ ಭಾಷೆಗೆ ತಿರುಗಿಸಿ ಇಟ್ಟದ್ದು.

ಇವೆರಡರ ಪೂರ್ವ ಇತಿಹಾಸ ಸ್ವಾರಸ್ಯದ್ದು. ಹಾರ್ಫ್‌ಬಝ್‌ನ ಮೂಲ ಸಂಹಿತೆ ಮೊದಲು ಫ್ರೀಟೈಪ್ ಯೋಜನೆಯೊಳಗೇ ಇತ್ತು. ಆಮೇಲೆ ಹಿಸ್ಸೆಯಾಗಿ ಬೇರೆ ಒಲೆ ಹೂಡಿತು. ಹಿಸ್ಸೆಯಾದ ಮೇಲೆ ಗೊತ್ತಾದದ್ದೇನೆಂದರೆ, ಫ್ರೀಟೈಪ್ ತೆರೆದುಕೊಟ್ಟ ಫಾಂಟ್ ಓದಲು ಹಾರ್ಫ್‌ಬಝ್‌ಗೆ ಫ್ರೀಟೈಪ್ ಬೇಕು, ಅಕ್ಷರದ ಅಂಚನ್ನು ಚೆನ್ನಾಗಿ ತಿದ್ದಲು ಫ್ರೀಟೈಪ್‌ಗೆ ಹಾರ್ಫ್‌ಬಝ್ ಬೇಕು. ಫ್ಲ್ಯಾಗ್ ಎರಡೂ ಕಡೆ ಕೆಂಪಗಿದ್ದರೆ, ಅವನು ಮೊದಲು ಬರಲಿ ಆಮೇಲೆ ನಾನು ಎಂದು ಇಬ್ಬರೂ ಹೊಸ್ತಿಲಲ್ಲೇ ನಿಲ್ಲುತ್ತಾರೆ. ಬಾವಿ ಒಬ್ಬನ ಪಾಲಿಗೆ, ಹಗ್ಗ ಇನ್ನೊಬ್ಬನ ಪಾಲಿಗೆ ಬರೆದ ವಿಭಾಗಪತ್ರ ಇದು. ಬರೆದವರು ನಮ್ಮ ತಂದೆಯಂಥವರೇ ಯಾರೋ.

ಪರಿಹಾರವನ್ನು ಪೋರ್ಟೇಜ್ ತಾನೇ ಸೂಚಿಸುತ್ತದೆ. ಫ್ರೀಟೈಪ್‌ನಲ್ಲಿ ಹಾರ್ಫ್‌ಬಝ್ ಫ್ಲ್ಯಾಗಿಗೆ ತಾತ್ಕಾಲಿಕವಾಗಿ ಮೈನಸ್ ಹಾಕಿ, ಮೊದಲು ಒಂಟಿ ಫ್ರೀಟೈಪ್ ಕಟ್ಟಿ. ಅದರ ಆಧಾರದ ಮೇಲೆ ಹಾರ್ಫ್‌ಬಝ್ ಕಟ್ಟಿ. ಆಮೇಲೆ ಮೈನಸ್ ತೆಗೆದು ಫ್ರೀಟೈಪನ್ನು ಮತ್ತೊಮ್ಮೆ ಕಟ್ಟಿ. ಮೂರು ಆದೇಶ, ಕೆಲವೇ ನಿಮಿಷ. ಹೊಸ್ತಿಲ ಹೊರಗೆ ನಿಂತವರ ಪೈಕಿ ಒಬ್ಬನಿಗೆ ನಿನ್ನ ತಮ್ಮ ಸತ್ತುಹೋದ ಎಂದು ಹೇಳಿ ಒಳಗೆ ಕರೆಸಿ, ಆಮೇಲೆ ತಮ್ಮನನ್ನು ಕರೆಸಿ, ಕೊನೆಗೆ ಅಣ್ಣನ ಕಿವಿಯಲ್ಲಿ ನಿಜ ಹೇಳುವುದು. ಸುಳ್ಳು ಹೇಳದೆ ಇತ್ಯರ್ಥವಾಗುವ ಹಿಸ್ಸೆ ವ್ಯಾಜ್ಯವನ್ನು ನಾನು ಕಂಡಿಲ್ಲ.

ನಾನು ಈ ಸೂಚನೆಯನ್ನು ಪಾಲಿಸಲಿಲ್ಲ. ಯಂತ್ರ ಕೊಟ್ಟ ಸಲಹೆಯನ್ನು ಹಾಗೇ ನಡೆಸುವುದಾದರೆ ತಜ್ಞ ಯಾಕೆ? ಪೋರ್ಟೇಜ್ ದಾರಿ ಸಿಗದಿದ್ದಾಗ ಹಿಂದೆ ಸರಿದು ಬೇರೆ ದಾರಿ ಹುಡುಕುತ್ತದೆ. ಎಷ್ಟು ಸಲ ಹಿಂದೆ ಸರಿಯಬೇಕು ಎಂದು ನಾವು ಹೇಳಬಹುದು. ನಾನು 1000 ಎಂದು ಬರೆದೆ. ಸಿವಿಲ್ ಕೋರ್ಟಿನಲ್ಲೂ ಅಷ್ಟು ವಾಯಿದೆ ಕೇಳಿದವರಿಲ್ಲ. ಫ್ಯಾನು ಜೋರಾಗಿ ತಿರುಗಿತು. ಬೆಳಗಿನ ಜಾವ ಎದ್ದು ನೋಡಿದರೆ, ಹಿಂದಿನ ರಾತ್ರಿಯ ಅದೇ ಸೂಚನೆ ಇನ್ನೊಮ್ಮೆ ಬಂದು ಕೂತಿತ್ತು, ಅಷ್ಟೇ ವಿನಯದಿಂದ.

ಇದು ಯಂತ್ರದ ದಡ್ಡತನವಲ್ಲ ಎಂದು ಓದುಗರು ತಿಳಿಯಬೇಕು. ಪ್ರತಿ ಫ್ಲ್ಯಾಗಿಗೂ ಇದೆ, ಇಲ್ಲ ಎಂದು ಎರಡು ಸ್ಥಿತಿ. 10 ಫ್ಲ್ಯಾಗಿಗೆ 1,024 ಸಾಧ್ಯತೆ. 30ಕ್ಕೆ 107 ಕೋಟಿಗೂ ಮಿಕ್ಕು. ಷರತ್ತುಗಳೆಲ್ಲ ಒಟ್ಟಿಗೆ ನೆರವೇರುವ ಒಂದು ಜೋಡಣೆ ಇದೆಯೇ ಎಂಬ ಈ ಬಗೆಯ ಪ್ರಶ್ನೆ ಗಣಕವಿಜ್ಞಾನದ ಒಂದು ಕಠಿಣ ವರ್ಗಕ್ಕೆ ಸೇರಿದ್ದು ಎಂದು ಸ್ಟೀಫನ್ ಕುಕ್ 1971ರಲ್ಲಿ ತೋರಿಸಿಕೊಟ್ಟರು. ಪ್ಯಾಕೇಜುಗಳ ಅವಲಂಬನೆ ಬಿಡಿಸುವುದೂ ಅದೇ ಜಾತಿಯದು ಎಂದು ಆಮೇಲಿನವರು ಸಾಧಿಸಿದ್ದಾರೆ. ಇದನ್ನು ಮನೆಯವರಿಗೆ ಓದಿ ಹೇಳಿದೆ. ಮದುವೆಗೆ ಮುಂಚೆಯೇ ಯಾಕೆ ಹೇಳಲಿಲ್ಲ ಎಂದು ಕೇಳಿದರು. ಪ್ರಶ್ನೆ ಕುಕ್ ಅವರ ಪ್ರಮೇಯಕ್ಕೆ ಸಂಬಂಧಿಸಿದ್ದೆಂದು ನನಗೆ ಅನಿಸಲಿಲ್ಲ.

ಕೊನೆಗೆ ಮೈನಸ್ ಹಾಕಿ, ಕಟ್ಟಿ, ತೆಗೆದು, ಮತ್ತೆ ಕಟ್ಟಿದೆ. ಕೆಲವೇ ನಿಮಿಷಗಳಾದವು. ಇದನ್ನು ದಾಖಲೆಗಾಗಿ ಮಾತ್ರ ಹೇಳುತ್ತಿದ್ದೇನೆ.

ಸೀಮಂತದ ದಿನ ಬೆಳಿಗ್ಗೆ ಲಿಬ್ರೆಆಫೀಸ್ ಕಂಪೈಲ್ ಶುರುವಾಯಿತು. ನನ್ನ ಲ್ಯಾಪ್‌ಟಾಪಿಗೆ ಅದು ಹದಿನೆಂಟಿಪ್ಪತ್ತು ಗಂಟೆಗಳ ಕೆಲಸ. ಬ್ಯಾಟರಿ ಸತ್ತು ವರ್ಷಗಳಾಗಿವೆ, ಕರೆಂಟ್ ಹೋದರೆ ಮೊದಲಿಂದ. ಯಾರಾದರೂ ಇರಲೇಬೇಕು. ಮನೆಯವರು ಬಳೆಯ ಡಬ್ಬಿ, ಹೂವು, ಮಡಿಲು ತುಂಬುವ ಸಾಮಾನು ಎಲ್ಲ ಹಿಡಿದು ಆಟೋ ಹತ್ತಿದರು. ಆಹ್ವಾನಪತ್ರಿಕೆ ಇಲ್ಲದೆ ಜನ ಹೇಗೆ ಬಂದರು ಎಂದು ಸಂಜೆ ಕೇಳಿದೆ. "ಫೋನ್ ಮಾಡಿ ಕರೆದ್ವಿ, ಬಂದ್ರು," ಅಂದರು. ಇಂಥ ಅಶಾಸ್ತ್ರೀಯ ವಿಧಾನಗಳು ಇಪ್ಪತ್ತೈದು ಜನಕ್ಕೆ ನಡೆದಾವು. ಎಪ್ಪತ್ತು ಜನ ಬಂದಿದ್ದರಂತೆ.

ನನ್ನ ಪಾಲಿನ ಹೋಳಿಗೆಯನ್ನು ಸ್ಟೀಲ್ ಡಬ್ಬಿಯಲ್ಲಿ ತಂದಿದ್ದರು. ಮೇಜಿನ ಮೇಲೆ ಜಾಗವಿರಲಿಲ್ಲ, ಲ್ಯಾಪ್‌ಟಾಪಿನ ಕೀಲಿಮಣೆಯ ಎಡಬದಿಯಲ್ಲಿ, ಪ್ರೊಸೆಸರ್ ಇರುವ ಕಡೆ ಇಟ್ಟರು. ರಾತ್ರಿ ಹನ್ನೊಂದೂವರೆಗೆ ಡಬ್ಬಿ ತೆಗೆದೆ. ಹೋಳಿಗೆ ಆಗತಾನೇ ಕಾವಲಿಯಿಂದ ಇಳಿಸಿದ ಹಾಗಿತ್ತು, ತುಪ್ಪ ಪೂರಾ ಕರಗಿತ್ತು. ಎರಡು ತಿಂದೆ. ಡಬ್ಬಿಯ ಅಡಿ ಒತ್ತಿಕೊಂಡು 'ಎಸ್ಕೇಪ್' ಕೀಲಿ ಎಷ್ಟು ಹೊತ್ತಿನಿಂದ ಒತ್ತಿಯೇ ಇತ್ತೋ ತಿಳಿಯದು. ಕಂಪೈಲ್‌ಗೆ ಅದರಿಂದ ಬಾಧೆಯಾಗಲಿಲ್ಲ. ಲಿಬ್ರೆಆಫೀಸ್ ಬೆಳಿಗ್ಗೆ ನಾಲ್ಕಕ್ಕೆ ಮುಗಿಯಿತು.

ಮಗು ಹುಟ್ಟಿತು, ಹೆಣ್ಣು. ತಾಯಿ ಮಗು ಆರೋಗ್ಯ. ಕಡತ ತೆರೆದು 'ಸೀಮಂತ' ಎಂಬ ಪದ ಅಳಿಸಿ 'ನಾಮಕರಣ' ಎಂದು ಹಾಕಿದೆ. ಉಳಿದ ಒಕ್ಕಣೆ ಹೆಚ್ಚುಕಡಿಮೆ ಹಾಗೇ ಹೊಂದಿತು. ಒತ್ತಕ್ಷರಗಳು ಅಚ್ಚುಕಟ್ಟಾಗಿ ಕೆಳಗಿಳಿದು ಕೂತಿದ್ದವು. ಕ್ರೋಮಿಯಂ ಇನ್ನೂ ಕಂಪೈಲ್ ಆಗುತ್ತಿದ್ದರೂ ಕಪ್ಸ್ ಚಾಲೂ ಆಗಿತ್ತು. ಮನೆಯವರನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡು ಪ್ರಿಂಟ್ ಒತ್ತಿದೆ. ಕಿಟಕಿ ತೆರೆಯಿತು. ಪ್ರಿಂಟರ್ ಆರಿಸಿ ಎಂದಿತು. ಪಟ್ಟಿ ಖಾಲಿ.

"ಪ್ರಿಂಟರ್ ಎಲ್ರೀ ಇದೆ ನಮ್ಮನೇಲಿ?" ಅಂದರು.

ನಾನು 2011ರ ಬಗ್ಗೆ ಯೋಚಿಸಿದೆ.

"ಅಂಗಡೀಲಿ ಹಾಕಿಸ್ಬೇಕು, ಪೆನ್‌ಡ್ರೈವ್‌ಗೆ ಹಾಕ್ಕೊಡಿ ಅಂದಿದ್ದೆ ಅವತ್ತು. ನಿಮಗೆ ಕೇಳಿಸ್ಲಿಲ್ವಾ?"

ಕುಕ್ಕರ್ ಕೂಗಿದ್ದು ನನಗೆ ನೆನಪಿದೆ. ಪೆನ್‌ಡ್ರೈವ್ ಚುಚ್ಚಿದೆ. ದೀಪ ಹೊತ್ತಿತು, ಕಡತಗಳು ಕಾಣಲಿಲ್ಲ. ಈ ಪೆನ್‌ಡ್ರೈವ್ ಓದಲು ಕರ್ನಲ್‌ನಲ್ಲಿ, ಅಂದರೆ ಲಿನಕ್ಸ್‌ನ ತಿರುಳಿನಲ್ಲಿ, ವಿಫ್ಯಾಟ್ ಎಂಬ ಆಯ್ಕೆ ಇರಬೇಕು. ನನ್ನ ಕರ್ನಲ್‌ನಲ್ಲಿ ಅದಿಲ್ಲ. ಒಂದಾನೊಂದು ಕಾಲದಲ್ಲಿ ಅನಗತ್ಯವೆಂದು ತೆಗೆದಿದ್ದೇನೆ, ಕಾರಣವನ್ನೂ ಎಲ್ಲೋ ಬರೆದಿಟ್ಟಿದ್ದೇನೆ. ಕರ್ನಲ್ ಆಯ್ಕೆಗಳು ಯೂಸ್ ಫ್ಲ್ಯಾಗಿನ ವ್ಯಾಪ್ತಿಗೆ ಬರುವುದಿಲ್ಲವಾದ್ದರಿಂದ ಅವನ್ನು ಪ್ರತ್ಯೇಕ ಲೇಖನದಲ್ಲಿ ಚರ್ಚಿಸಬೇಕಾಗುತ್ತದೆ. ತೊಟ್ಟಿಲು ಶಾಸ್ತ್ರ ಬುಧವಾರ ಹತ್ತೂವರೆಗೆ. ಇವತ್ತು ಸೋಮವಾರ.